ಎರಡು ಸಲ ತೆರೆದ ಬಾಯಿ

ಜನವರಿ 9

ಮೊಂಡನಿಗೆ,

ಲಕೋಟೆಯ ಮೇಲೆ ನನ್ನ ಅಕ್ಷರ ಕಂಡ ಕೂಡಲೇ ಹರಿದು ಹಾಕಬೇಡ. ಫೋನ್ ಮಾಡಬಹುದಿತ್ತು. ಆದರೆ ಅಕ್ಕ ತಮ್ಮ ಇಬ್ಬರೂ ಫೋನಿನಲ್ಲಿ ಮೂರು ನಿಮಿಷ ದಾಟಿದರೆ ಜಗಳ ಗ್ಯಾರಂಟಿ, ಈ ವಿಷಯಕ್ಕೆ ಮೂರು ನಿಮಿಷ ಸಾಲುವುದಿಲ್ಲ.

ಜ್ವಾಲಾಮುಖಿ ಬಯಲಿನ ಅಪಾಯದ ನಕ್ಷೆ ಮುಗಿಯಿತು. ಐದು ವರ್ಷದ ಕೆಲಸ. ನಲವತ್ತಮೂರು ಗುಡ್ಡಗಳಲ್ಲಿ ನಲವತ್ತೆರಡಕ್ಕೆ ತಿಳಿ ಹಳದಿ ಬಣ್ಣ ಹಾಕಿದ್ದೇನೆ, ಅಂದರೆ ಅಲ್ಲಿ ಸದ್ಯಕ್ಕೆ ಭಯವಿಲ್ಲ. ಒಂದಕ್ಕೆ ಮಾತ್ರ ಕೆಂಪು. ಅದು ಕೆರೆಯ ಪಕ್ಕದ ಕರಿಗುಡ್ಡ. ಅದರ ಬುಡದಲ್ಲಿರುವ ನಿಮ್ಮ ಬೀದಿಯ ಅರವತ್ತೆರಡು ಮನೆಗಳೂ ಕೆಂಪಿನೊಳಗೆ ಬಿದ್ದಿವೆ. ನಿನ್ನದು ಹದಿನೇಳನೆಯದು, ನಾನೇ ಬೆರಳಿಟ್ಟು ಎಣಿಸಿದೆ. ಜೂನ್ 20ಕ್ಕೆ ಸುರಕ್ಷತಾ ಮಂಡಳಿ ಸೇರುತ್ತದೆ. ನಕ್ಷೆ ಒಪ್ಪಿದರೆ ವರ್ಷದೊಳಗೆ ಬೀದಿ ಖಾಲಿ ಮಾಡಿಸುತ್ತಾರೆ. ಒಪ್ಪದೆ ಏನು, ಇಂಥ ವಿಷಯದಲ್ಲಿ ಅವರು ನನ್ನ ಮಾತು ಮೀರಿದ್ದೇ ಇಲ್ಲ.

ಗೋಡೆಗೆ ನೋಟಿಸು ಅಂಟಿಸುವ ಮೊದಲು ನಿನಗೆ ನನ್ನಿಂದಲೇ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ. ಐದು ವರ್ಷದಿಂದ ಮುಖ ಊದಿಸಿಕೊಂಡು ಕೂತವನ ಮೇಲೂ ಇಷ್ಟು ಅಕ್ಕರೆ ಉಳಿದಿದೆ ನೋಡು. ನಿನ್ನ ಹೆಂಡತಿಗೆ ನೀನೇ ಹೇಳು. ಅವಳಿಗೆ ಹೇಳುವ ಧೈರ್ಯ ನನಗಿಲ್ಲ.

ಅಕ್ಕ


ಜನವರಿ 24

ಭೂಗರ್ಭ ಬಲ್ಲ ಅಕ್ಕನವರಿಗೆ,

ಹರಿದು ಹಾಕಲಿಲ್ಲ. ಎರಡು ಸಲ ಓದಿದೆ. ಎರಡನೆಯ ಸಲ ನನ್ನವಳಿಗೆ ಕೇಳುವಂತೆ ಗಟ್ಟಿಯಾಗಿ ಓದಿದೆ. ಅವಳು ಹಿಟ್ಟು ನಾದುತ್ತಿದ್ದಳು, ಕೈ ನಿಲ್ಲಿಸಲಿಲ್ಲ. "ನಿಮ್ಮಕ್ಕ ನನ್ನ ಒಲೆಗೆ ಯಾವ ಬಣ್ಣ ಹಾಕಿದಾರಂತೆ?" ಅಂತ ಮಾತ್ರ ಕೇಳಿದಳು.

ಆ ಒಲೆಯನ್ನು ನೀನು ನೋಡಿದ್ದೀಯ. ಗುಡ್ಡದ ಹಗುರ ಕಲ್ಲನ್ನು ಒಂದೊಂದೇ ಆರಿಸಿ ಅವಳೇ ನಿಂತು ಕಟ್ಟಿಸಿದ್ದು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಪೂರ್ತಿ ತಣ್ಣಗಾಗಿಲ್ಲ. ಮಂಚ, ಬೀರು, ನಾನು, ಇವನ್ನೆಲ್ಲ ಲಾರಿಗೆ ಹಾಕಬಹುದು. ಕೋಣೆಯಷ್ಟು ದೊಡ್ಡ ಒಲೆಯನ್ನು ಯಾವ ಲಾರಿಗೆ ಹಾಕಲಿ? ಕಿತ್ತರೆ ಅದು ಕಲ್ಲಿನ ರಾಶಿ. ನನಗೆ ಬಾವಿ ಕೊರೆಯುವ ಕೆಲಸ ವರ್ಷಕ್ಕೆ ಆರು ತಿಂಗಳು ಸಿಕ್ಕರೆ ಹೆಚ್ಚು. ಉಳಿದ ಆರು ತಿಂಗಳು ನಮ್ಮನ್ನು ಸಾಕಿರುವುದು ಅವಳು ಸುಡುವ ಬ್ರೆಡ್ಡು.

ಒಂದು ಪ್ರಶ್ನೆ ಕೇಳುತ್ತೇನೆ. ಸಣ್ಣವನಿದ್ದಾಗ ನನಗೆ ಗುಡ್ಡ ಕಂಡರೆ ಭಯ. ಆಗ ನೀನೇ ಹೇಳಿದ್ದು: "ಈ ಬಯಲಿನ ಗುಡ್ಡಗಳು ಜೀವಮಾನದಲ್ಲಿ ಒಂದೇ ಸಲ ಬಾಯಿ ತೆರೆಯೋದು ಕಣೋ. ಒಂದಷ್ಟು ತಿಂಗಳು ಉಗುಳುತ್ತೆ, ಆಮೇಲೆ ಮುಚ್ಚಿದ ಬಾಯಿ ಮುಚ್ಚಿದ ಹಾಗೇನೇ. ಮುಂದಿನ ಸಲ ಬೆಂಕಿ ಬೇರೆ ಕಡೆ ದಾರಿ ಹುಡುಕ್ಕೊಳ್ಳುತ್ತೆ." ಆ ಮಾತು ನಂಬಿಯೇ ನಾನು ಗುಡ್ಡದ ಬುಡದಲ್ಲಿ ಮನೆ ಕಟ್ಟಿದ್ದು. ಈಗ ಈ ಒಂದು ಗುಡ್ಡಕ್ಕೆ ಮಾತ್ರ ಯಾಕೆ ಬೇರೆ ಕಾನೂನು? ನಾನು ಬರೀ ಕೊರೆಯುವವನು. ಅರ್ಥವಾಗುವ ಹಾಗೆ ಬರೆ.

ಹದಿನೇಳನೆಯ ಮನೆಯವನು


ಫೆಬ್ರವರಿ 6

ಮೊಂಡನಿಗೆ,

ನ್ಯಾಯವಾದ ಪ್ರಶ್ನೆ. ಉತ್ತರ ಸಿಕ್ಕಿದ್ದು ಐದು ವರ್ಷದ ಹಿಂದೆ ನೀನೇ ಕೆರೆಯಿಂದ ಕೊರೆದು ಕೊಟ್ಟ ಕೆಸರಿನಲ್ಲಿ.

ಹಿಂದೆ ಯಾವಾಗಲೋ ಮೇಲೇರುತ್ತಿದ್ದ ಕೆಂಡದಂಥ ಕಲ್ಲು ನೆಲದೊಳಗಿನ ನೀರಿಗೆ ತಾಗಿ ಸಿಡಿಯಿತು, ದೊಡ್ಡ ಕುಳಿ ಬಿತ್ತು, ಅದರಲ್ಲಿ ಮಳೆನೀರು ನಿಂತು ನಿಮ್ಮ ಕೆರೆಯಾಯಿತು. ಅದರ ತಳದಲ್ಲಿ ಅಲುಗಾಟವಿಲ್ಲ. ಪ್ರತಿ ವರ್ಷ ಒಂದು ಕಪ್ಪು, ಒಂದು ಬಿಳಿಚಿದ ಗೆರೆಯ ಕೆಸರು ಕೂರುತ್ತದೆ. ಎರಡೂ ಸೇರಿ ಒಂದು ಮಿಲಿಮೀಟರ್. ಗೆರೆ ಎಣಿಸಿದರೆ ವರ್ಷ ಎಣಿಸಿದ ಹಾಗೆ. ನೀನು ತೆಪ್ಪದ ಮೇಲೆ ನಿಂತು ಎರಡು ಮೀಟರಿನ ಕೊಳವೆ ಚುಚ್ಚಿ ಎತ್ತಿದೆ, ಅದೇ ತೂತಿನಲ್ಲಿ ಮುಂದಿನ ಎರಡು ಮೀಟರ್, ಹೀಗೆ ಹನ್ನೊಂದು ಸಲ. ಒಂದೊಂದನ್ನೂ ಒಂದೊಂದು ಟ್ರೇಯಲ್ಲಿ ಮಲಗಿಸಿದೆವು.

ಎರಡನೆಯ ಟ್ರೇಯಲ್ಲಿ ನಾಲ್ಕು ಬೆರಳು ದಪ್ಪದ ಕಪ್ಪು ಬೂದಿ ಇದೆ. ಮೇಲಿನ ಗೆರೆ ಎಣಿಸಿದರೆ ಮೂರು ಸಾವಿರದ ನೂರು ವರ್ಷ ಹಳೆಯದು. ನಾಲ್ಕನೆಯ ಟ್ರೇಯಲ್ಲಿ ಮತ್ತೆ ನಾಲ್ಕು ಬೆರಳು ಬೂದಿ, ಇನ್ನೂ ಮೂರು ಸಾವಿರ ವರ್ಷ ಹಿಂದಿನದು. ಎರಡನ್ನೂ ಪರೀಕ್ಷೆಗೆ ಕಳಿಸಿದೆ. ಎರಡೂ ಕರಿಗುಡ್ಡದ್ದೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅಂದರೆ ಒಂದೇ ಬಾಯಿ ಎರಡು ಸಲ ತೆರೆದಿದೆ, ಮೂರು ಸಾವಿರ ವರ್ಷದ ಅಂತರದಲ್ಲಿ. ಕಡೆಯ ಸಲ ತೆರೆದು ಮೂರು ಸಾವಿರ ಕಳೆಯಿತು. ಮುಂದಿನದನ್ನು ನೀನೇ ಲೆಕ್ಕ ಹಾಕು.

ಇಂಥ ಬಯಲಿನಲ್ಲಿ ಇಂಥದ್ದನ್ನು ಕಂಡುಹಿಡಿದವಳು ನಾನೊಬ್ಬಳೇ. ಸಮ್ಮೇಳನಗಳಲ್ಲಿ ನನ್ನನ್ನು "ಎರಡು ಸಲದ ಮೇಡಂ" ಅನ್ನುತ್ತಾರೆ. ಅದನ್ನು ಕೇಳಿ ಖುಷಿಪಟ್ಟಿದ್ದೇನೆ, ಸುಳ್ಳು ಯಾಕೆ ಹೇಳಲಿ. ಆ ಖುಷಿಗೆ ಈಗ ನಿನ್ನ ಮನೆ ಹೋಗುತ್ತಿದೆ ಅನ್ನುವುದನ್ನು ಯಾರ ಮುಂದೆ ಹೇಳಿಕೊಳ್ಳಲಿ?

ನೋಟಿಸು ಅಂಟಿಸಿದ ಮೇಲೆ ನಿಮ್ಮ ಬೀದಿಯಿಂದ ಹದಿನಾಲ್ಕು ಕಾಗದ ಬಂದಿವೆ. ಒಬ್ಬರು ನನ್ನ ಕೈ ಬಿದ್ದುಹೋಗಲಿ ಅಂತ ಬರೆದಿದ್ದಾರೆ. ಅಕ್ಷರ ಮಾತ್ರ ಮುತ್ತಿನ ಹಾಗಿದೆ, ಮೇಷ್ಟರಿರಬೇಕು.

ಅಕ್ಕ


ಮಾರ್ಚ್ 22

ಅತ್ತಿಗೆಯವರಿಗೆ,

ನಾನು ನಿಮಗೆ ಬರೆಯುತ್ತಿರುವುದು ಇವರಿಗೆ ಗೊತ್ತಿಲ್ಲ. ಒಲೆ ಉಳಿಸಿಕೊಡಿ ಅಂತ ಕೇಳಲು ಬರೆಯುತ್ತಿಲ್ಲ, ಹೆದರಬೇಡಿ.

ನಿಮ್ಮ ಫೆಬ್ರವರಿಯ ಕಾಗದ ಇವರ ಅಂಗಿಯ ಜೇಬಿನಲ್ಲೇ ಇದೆ. ಅಂಗಿ ಒಗೆಯಲು ಹಾಕಿದರೆ ತೆಗೆದು ಇನ್ನೊಂದು ಅಂಗಿಗೆ ಇಟ್ಟುಕೊಳ್ಳುತ್ತಾರೆ. ಆರು ವಾರದಿಂದ ತಟ್ಟೆಯ ಮುಂದೆ ಕೂತು ಎರಡು ತುತ್ತಿಗೇ ಏಳುತ್ತಾರೆ. ಸಂಜೆಯಾದರೆ ಕೆರೆಯ ದಂಡೆಗೆ ಹೋಗುತ್ತಾರೆ. ಏನು ನೋಡ್ತೀರಿ ಅಂದರೆ "ಹಗ್ಗ" ಅನ್ನುತ್ತಾರೆ. ಅಲ್ಲಿ ಹಗ್ಗವೂ ಇಲ್ಲ, ದೋಣಿಯೂ ಇಲ್ಲ.

ಮನೆ ಬಿಟ್ಟುಹೋಗುವ ಚಿಂತೆ ಅಂತ ಬೀದಿಯವರು ಅನ್ನುತ್ತಾರೆ. ಅಲ್ಲ ಅತ್ತಿಗೆ. ಆ ಚಿಂತೆ ನನಗೂ ಇದೆ, ನಾನು ಉಣ್ಣುತ್ತೇನೆ. ಇವರಿಗೆ ಬೇರೆ ಏನೋ ಇದೆ, ಅದು ನಿಮ್ಮ ಕಾಗದದಲ್ಲಿದೆ. ನಾನು ಹತ್ತು ಸಲ ಓದಿದೆ, ನನಗೆ ಸಿಗಲಿಲ್ಲ. ನೀವು ಒಂದು ಮಾತು ಬರೆದು ಕೇಳಿ. ಬೇರೊಂದು ಒಲೆ ಕಟ್ಟಿಕೊಂಡೇನು, ಈ ಮನುಷ್ಯನನ್ನು ಹೀಗೆ ನೋಡಲಾರೆ.

ನಿಮ್ಮ ನಾದಿನಿ


ಏಪ್ರಿಲ್ 2

ಅಕ್ಕನಿಗೆ,

ನನ್ನವಳು ನಿನಗೆ ಕಾಗದ ಹಾಕಿದ್ದು ನಿನ್ನೆ ಗೊತ್ತಾಯಿತು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಎರಡನೆಯ ಟ್ರೇಯಲ್ಲೂ ನಾಲ್ಕನೆಯ ಟ್ರೇಯಲ್ಲೂ ಒಂದೇ ಬೂದಿ ಅಂತ ಓದಿದ ಕೂಡಲೇ ನನಗೆ ಕೊರೆದ ದಿನದ ಹಗ್ಗ ನೆನಪಿಗೆ ಬಂತು. ಆ ಎರಡು ಟ್ರೇಗಳ ಮೇಲೆ ನೀನು ಇಷ್ಟು ದೊಡ್ಡ ಮಾತು ಕಟ್ಟಿದ್ದೀಯ ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮೂರನೆಯ ಕೊಳವೆ ಎತ್ತಿ ನಾವು ಊಟಕ್ಕೆ ದಡಕ್ಕೆ ಹೋಗಿದ್ದೆವು. ಗಾಳಿ ಎದ್ದಿತು. ವಾಪಸು ಬಂದಾಗ ತೆಪ್ಪ ಇದ್ದ ಕಡೆಯೇ ಇದ್ದಂತೆ ಕಂಡಿತು. ಆದರೆ ಕೆರೆಯ ನಡುವಿನ ಕಡೆಗೆ ಹಾಕಿದ್ದ ಲಂಗರಿನ ಹಗ್ಗ ಸಡಿಲವಾಗಿ ನೀರಿನ ಮೇಲೆ ತೇಲುತ್ತಿತ್ತು. ಅಂದರೆ ತೆಪ್ಪ ನಡುವಿನತ್ತ ಜರುಗಿತ್ತು. ಅಲ್ಲಿ ಕೆರೆಯ ತಳ ಇಳಿಜಾರು. ನಾಲ್ಕೈದು ಮಾರು ಜರುಗಿದರೆ ತಳ ಮೂರು ಮೀಟರ್ ಕೆಳಗೆ ಹೋಗುತ್ತದೆ. ನಾನು ಕೊಳವೆಗೆ ಜೋಡಿಸಿದ ಸಲಾಕೆ ಎಣಿಸಿ ಆಳ ಅಳೆದದ್ದು ತೆಪ್ಪದಿಂದ, ತಳದಿಂದಲ್ಲ. ಕೆಸರಿನೊಳಗೆ ಆರು ಮೀಟರ್ ಇಳಿದಿದ್ದೇನೆ ಅಂದುಕೊಂಡಾಗ ನಿಜವಾಗಿ ಇಳಿದದ್ದು ಮೂರು. ಒಂದು ಸಲ ತೆಗೆದ ಕೆಸರನ್ನೇ ಪಕ್ಕದಿಂದ ಇನ್ನೊಂದು ಸಲ ತೆಗೆದುಕೊಟ್ಟಿದ್ದೇನೆ ಅಂತ ಕಾಣುತ್ತದೆ.

ಅವತ್ತು ನನಗೇನೂ ಗೊತ್ತಾಗಲಿಲ್ಲ ಅಂತ ಹೇಳಲಾರೆ. ಹಳೆಯ ತೂತಾದರೆ ಕೊಳವೆ ಜಾರಿಕೊಂಡು ಹೋಗಬೇಕು. ಹೋಗಲಿಲ್ಲ, ಮೂರು ಮೀಟರೂ ತಡೆದು ತಡೆದು ಇಳಿಯಿತು. ಹೊಸ ಕೆಸರನ್ನು ಅಂಗೈ ಗುರುತು ಹಿಡಿಯುತ್ತದೆ, ನನ್ನ ಅಂಗೈಯೂ ಹಿಡಿಯಿತು. ತೂತಿನ ಗೋಡೆ ಕುಸಿದಿರಬೇಕು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ದಡದಲ್ಲಿ ನೀನಿದ್ದೆ, ಒಂದು ಕೂಗು ಹಾಕಿದ್ದರೆ ಸಾಕಿತ್ತು. ಆದರೆ ಬೆಳಿಗ್ಗೆ ಎಲ್ಲರೆದುರು ನೀನು ನನಗೆ ಒಂದು ಮಾತು ಅಂದಿದ್ದೆ. ಏನೆಂದು ಇಲ್ಲಿ ಬರೆಯುವುದಿಲ್ಲ. ಸಂಜೆಯವರೆಗೆ ನಾನು ಬಾಯಿ ಬಿಡಲಿಲ್ಲ. ಆಮೇಲೆ ಐದು ವರ್ಷ ಬಿಡಲಿಲ್ಲ.

ನನ್ನ ಬೀದಿಗೆ ಕೆಂಪು ಬಳಿದವನು ನಾನೇ ಇರಬೇಕು. ಹೌದೋ ಅಲ್ಲವೋ ನೀನೇ ನೋಡಿ ಹೇಳು. ಇದನ್ನು ಅಂಚೆಗೆ ಹಾಕಿ ಬಂದು ಹೊಟ್ಟೆ ತುಂಬ ಉಣ್ಣುತ್ತೇನೆ ಅಂತ ನನ್ನವಳಿಗೆ ಮಾತು ಕೊಟ್ಟಿದ್ದೇನೆ.

ತಮ್ಮ


ಏಪ್ರಿಲ್ 15

ತಮ್ಮನಿಗೆ,

ನಿನಗೆ ಮೂರು ಕಾಗದ ಬರೆದು ಮೂರನ್ನೂ ಹರಿದೆ. ಅವುಗಳಲ್ಲಿ ಏನಿತ್ತು ಅಂತ ನಿನಗೆ ಗೊತ್ತಾಗುವುದು ಬೇಡ. ಇದು ನಾಲ್ಕನೆಯದು.

ಕೆಸರಿನ ಟ್ರೇಗಳನ್ನು ಇಟ್ಟಿರುವ ತಣ್ಣನೆಯ ಕೋಣೆಗೆ ಸ್ವೆಟರ್ ಹಾಕಿಕೊಂಡು ಹೋದೆ. ಎರಡನೆಯದನ್ನೂ ನಾಲ್ಕನೆಯದನ್ನೂ ಮೊದಲ ಸಲ ಪಕ್ಕಪಕ್ಕ ಮಲಗಿಸಿದೆ. ಬೂದಿಯಿಂದ ಮೇಲಕ್ಕೆ ಎಣಿಸುತ್ತ ಬಂದೆ. ಎರಡನೆಯದರಲ್ಲಿ ಮೂವತ್ತೊಂದನೆಯ ಗೆರೆ ದಪ್ಪ. ನಾಲ್ಕನೆಯದರಲ್ಲೂ ಮೂವತ್ತೊಂದನೆಯದೇ ದಪ್ಪ. ಇದರಲ್ಲಿ ಅರವತ್ತನಾಲ್ಕರ ಮೇಲೆ ಕೆಂಪು ಮಣ್ಣಿನ ಎಳೆ. ಅದರಲ್ಲೂ ಅರವತ್ತನಾಲ್ಕರ ಮೇಲೆಯೇ. ಅಲ್ಲಿಗೆ ನಿಲ್ಲಿಸಿ ಸ್ಟೂಲಿನ ಮೇಲೆ ಕೂತೆ.

ಐದು ವರ್ಷ ಆ ಎರಡು ಟ್ರೇಗಳು ಎರಡು ಕಪಾಟಿನಲ್ಲಿದ್ದವು. ಒಟ್ಟಿಗೆ ಇಟ್ಟು ನೋಡೋಣ ಅಂತ ಒಂದು ದಿನವೂ ನನಗೆ ಅನ್ನಿಸಲಿಲ್ಲ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಎರಡು ಬೂದಿ ಕಂಡಾಗ ಮೊದಲ ವರ್ಷದ ವಿದ್ಯಾರ್ಥಿನಿ ಕೂಡ "ಮೇಡಂ, ಇವು ಒಂದೇ ಇರಬಹುದಾ?" ಅಂತ ಕೇಳುತ್ತಿದ್ದಳು. ನನಗೆ ಚಪ್ಪಾಳೆ ಬೇಕಿತ್ತು, ಅದಕ್ಕೆ ಕೇಳಿಕೊಳ್ಳಲಿಲ್ಲ. ಹಗ್ಗ ಸಡಿಲವಾದದ್ದು ನಿನ್ನ ತಪ್ಪು. ಅದರ ಮೇಲೆ ಗೋಪುರ ಕಟ್ಟಿದ್ದು ನನ್ನದು.

ಆ ಬೆಳಿಗ್ಗೆ ನಾನು ಅಂದ ಮಾತು ನನಗೂ ನೆನಪಿದೆ. ತೆಪ್ಪ ಕಟ್ಟಲು ನಾನು ತೋರಿಸಿದ ಜಾಗ ಸರಿಯಿಲ್ಲ, ತಳ ಇಳಿಜಾರು ಅಂತ ನೀನು ಹೇಳಿದೆ. ನಾನು ನಿನ್ನ ಕೆಲಸಗಾರರ ಮುಂದೆ, ನನ್ನ ವಿದ್ಯಾರ್ಥಿಗಳ ಮುಂದೆ, "ನಿನ್ನ ಅಭಿಪ್ರಾಯ ಯಾರು ಕೇಳಿದ್ರು? ಬಾಯಿ ಮುಚ್ಕೊಂಡು ಕೊರಿ" ಅಂದೆ. ನೀನು ಹಾಗೇ ಮಾಡಿದೆ. ಅದನ್ನು ಬರೆಯಲು ಈಗ ನಾಚಿಕೆಯಾಗುತ್ತಿದೆ.

ಎರಡು ಟ್ರೇ ಹೊಂದಿದ್ದು ಬಲವಾದ ಅನುಮಾನ, ಅಷ್ಟೇ. ಮಂಡಳಿಗೆ ಅನುಮಾನ ಒಯ್ದರೆ ಆಗದು, ಮತ್ತೆ ಕೊರೆಯಬೇಕು. ಮೇ ಮೊದಲ ವಾರ ಬರುತ್ತೇನೆ. ಜಾಗ ನೀನು ಆರಿಸು. ಲಂಗರು ಎಷ್ಟು ಬೇಕೆಂದು ನೀನು ಹೇಳು. ನಾನು ದಡದಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತೇನೆ.

ಅಕ್ಕ


ಮೇ 19

ತಮ್ಮನಿಗೆ,

ಹತ್ತು ದಿನ ನಿಮ್ಮ ಮನೆಯಲ್ಲಿ ಬಿಸಿ ಬ್ರೆಡ್ಡು ತಿಂದು ಬಂದವಳಿಗೆ ಇಲ್ಲಿನ ಕ್ಯಾಂಟೀನು ಸೇರುತ್ತಿಲ್ಲ. ನಾದಿನಿಗೆ ಹೇಳು.

ಎಣಿಕೆ ಮುಗಿಯಿತು. ಈ ಸಲ ಇಬ್ಬರು ಬೇರೆ ಬೇರೆಯಾಗಿ ಎಣಿಸಿದ್ದಾರೆ. ಕರಿಗುಡ್ಡದ ಬೂದಿ ಇರುವುದು ಒಂದೇ ಕಡೆ, ಮೂರು ಮೀಟರ್ ಹತ್ತು ಸೆಂಟಿಮೀಟರ್ ಕೆಳಗೆ. ಅದರ ಕೆಳಗೆ ಹತ್ತೊಂಬತ್ತು ಮೀಟರಿನವರೆಗೆ, ಕೆರೆ ಹುಟ್ಟಿದಾಗಿನ ಜಲ್ಲಿ ಸಿಗುವ ತನಕ, ಬರೀ ಗೆರೆ ಗೆರೆ ಕೆಸರು. ಆ ಬಾಯಿ ಒಂದೇ ಸಲ ತೆರೆದದ್ದು. ಮೂರು ಸಾವಿರ ವರ್ಷದ ತಾಳವೂ ಇಲ್ಲ, ಮೇಳವೂ ಇಲ್ಲ.

ನಾಲ್ಕನೆಯ ಕೊಳವೆ ಸೀಳಿದ ಗಳಿಗೆಯನ್ನು ಮತ್ತೆ ಮತ್ತೆ ನೆನೆಯುತ್ತೇನೆ. ನೀನು ಮುಖ ಆ ಕಡೆ ತಿರುಗಿಸಿ ನಿಂತಿದ್ದೆ. "ಏನಿದೆ ಅಕ್ಕ?" ಅಂದೆ. "ಏನೂ ಇಲ್ವೋ" ಅಂದೆ ನಾನು. "ಸರಿಯಾಗಿ ನೋಡು." "ನೋಡಿದೆ ಕಣೋ, ಏನೂ ಇಲ್ಲ!" ಎರಡು ಮೀಟರ್ ಬೂದುಬಣ್ಣದ ಕೆಸರು, ನಡುವೆ ಒಂದು ಕಪ್ಪು ಚುಕ್ಕೆಯೂ ಇಲ್ಲ. ನೀನು ನೆನೆದ ಹಲಗೆಯ ಮೇಲೆ ಧೊಪ್ಪನೆ ಕೂತು ಅತ್ತೆ, ನಾನು ಹುಚ್ಚಿಯ ಹಾಗೆ ನಕ್ಕೆ. ನನಗೆ ಹೆಸರು ತಂದುಕೊಟ್ಟ ಬೂದಿ ಅಲ್ಲಿ ಇಲ್ಲವೆಂದು ಕಂಡಾಗ ಅಳು ಬರಬೇಕಿತ್ತಲ್ಲ, ಬರಲಿಲ್ಲ. ಎದೆಯ ಮೇಲಿಂದ ಯಾರೋ ಎದ್ದು ಹೋದ ಹಾಗಾಯಿತು.

ಮಂಡಳಿಗೂ ನನ್ನ ಲೇಖನ ಅಚ್ಚು ಮಾಡಿದ ಪತ್ರಿಕೆಗೂ ಬರೆದಿದ್ದೇನೆ. ಕೆಸರನ್ನು ಓದುವಲ್ಲಿ ತಪ್ಪಾಗಿದೆ, ತಪ್ಪು ನನ್ನದು, ಲೇಖನ ಹಿಂದಕ್ಕೆ ಪಡೆಯುತ್ತೇನೆ ಅಂತ. ಕೊರೆದವರ ವಿಷಯ ಎತ್ತಿಲ್ಲ. ನಿನಗೆ ಮುಂದೆ ಕೆಲಸ ಸಿಗಬೇಕಲ್ಲ.

ಅಕ್ಕ


ಮೇ 28

ಅಕ್ಕನಿಗೆ,

ನನ್ನ ವಿಷಯ ಎತ್ತಿಲ್ಲ ಅಂತ ಓದಿ ಮೊದಲು ಹಗುರವಾಯಿತು. ಅದು ಒಂದು ದಿನ ಇತ್ತು. ಮರುದಿನ ಪಕ್ಕದೂರಿನಲ್ಲಿ ಬಾವಿ ಕೊರೆಯುತ್ತಿದ್ದೆ, ಸಲಾಕೆ ಎಣಿಸುವಾಗ ಮೂರು ಸಲ ಲೆಕ್ಕ ತಪ್ಪಿದೆ.

ಕೆಳಗೆ ಬರೆದಿರುವುದನ್ನು ನಿನ್ನ ಪತ್ರಕ್ಕೆ ಸೇರಿಸು. ತಿದ್ದಬೇಡ, ಚೆಂದ ಮಾಡಬೇಡ.

"ಮೂರನೆಯ ಕೊಳವೆಯ ನಂತರ ಗಾಳಿಗೆ ತೆಪ್ಪ ಜರುಗಿತ್ತು. ಕೊರೆಯುತ್ತಿದ್ದ ನನಗೆ ಅನುಮಾನ ಬಂದಿತ್ತು. ನಾನು ಹೇಳಲಿಲ್ಲ."

ಕೆಲಸ ಸಿಗದಿದ್ದರೆ ಹಿಟ್ಟು ನಾದಲು ಕಲಿಯುತ್ತೇನೆ. ನನ್ನವಳು ಅದಕ್ಕೂ ಯೋಗ್ಯತೆ ಬೇಕು ಅನ್ನುತ್ತಿದ್ದಾಳೆ.

ತಮ್ಮ


ಜೂನ್ 23

ತಮ್ಮನಿಗೆ, ನಾದಿನಿಗೆ,

ಕೆಂಪು ತೆಗೆದರು. ಈ ಎರಡು ಪದ ಮೊದಲು ಓದಿಕೊಳ್ಳಿ, ಉಳಿದದ್ದು ನಿಧಾನವಾಗಿ ಓದಬಹುದು.

ಮೊನ್ನೆ ಸಭೆಯಲ್ಲಿ ನಾನು ಎರಡೂ ಹೇಳಿಕೆ ಓದಿದೆ, ನನ್ನದು ಮತ್ತು ನಿನ್ನದು. ನಿನ್ನ ಮೂರು ವಾಕ್ಯ ಓದಿದ ಮೇಲೆ ಅಧ್ಯಕ್ಷರು ಕನ್ನಡಕ ತೆಗೆದು, "ಈ ಕೊರೆಯುವವರು ನಿಮಗೆ ಏನಾಗಬೇಕು?" ಅಂದರು. "ತಮ್ಮ" ಅಂದೆ. "ಅಡ್ಡಿಯಿಲ್ಲ, ಮುಂದಿನ ಸಲ ಕೆರೆ ಕೊರೆಯೋದಿದ್ರೆ ಅವರನ್ನೇ ಕರೀರಿ, ಇನ್ನು ಅವರು ಹಗ್ಗ ನೋಡದೆ ಇರಲ್ಲ" ಅಂದರು.

ಆಮೇಲೆ ಕೇಳಿದರು: "ಹಾಗಾದ್ರೆ ಮುಂದಿನ ಬಾಯಿ ಯಾವಾಗ ತೆರೆಯುತ್ತೆ? ಎಲ್ಲಿ?" ನಾನು ಗೊತ್ತಿಲ್ಲ ಅಂದೆ. ಸಾವಿರ ವರ್ಷಕ್ಕಿರಬಹುದು, ಹತ್ತು ಸಾವಿರಕ್ಕಿರಬಹುದು. ಬಯಲಿನಲ್ಲಿ ಎಲ್ಲಾದರೂ ಆಗಬಹುದು. ಕರಿಗುಡ್ಡದ ಬುಡಕ್ಕೆ ಬೇರೆಲ್ಲ ಕಡೆಗಿಂತ ಹೆಚ್ಚಿನ ಭಯವೇನಿಲ್ಲ. ಬೆಂಕಿ ಮೇಲೇರಲು ಹೊರಟರೆ ನೆಲ ಮೊದಲೇ ಸಣ್ಣಗೆ ನಡುಗುತ್ತದೆ, ಅದನ್ನು ಕೇಳಿಸಿಕೊಳ್ಳುವ ಆರು ಯಂತ್ರ ಕೊಡಿ ಅಂದೆ. ಕೊಡುತ್ತಾರಂತೆ. ನಕ್ಷೆಯಲ್ಲಿ ಈಗ ನಲವತ್ತಮೂರಕ್ಕೂ ತಿಳಿ ಹಳದಿ.

ಪತ್ರಿಕೆಯವರು ಲೇಖನ ತೆಗೆದುಹಾಕಿದ್ದಾರೆ. ಹಳೆಯ ಸಹೋದ್ಯೋಗಿಯೊಬ್ಬ ಮೆಟ್ಟಿಲಲ್ಲಿ ಸಿಕ್ಕಿ ಬರೀ ಕೈ ಕುಲುಕಿ ಹೋದ. ಬೇಜಾರಾಗಲಿಲ್ಲವೇ ಅಂತ ನೀವು ಕೇಳುತ್ತೀರಿ. ಆಯಿತು. ಆದರೆ ಮನೆಗೆ ಬಂದು ಮಧ್ಯಾಹ್ನವೇ ಮಲಗಿ, ಐದು ತಿಂಗಳ ನಿದ್ದೆಯನ್ನು ಒಂದೇ ಸಲ ಮಾಡಿದೆ.

ಅಕ್ಕ


ಜುಲೈ 1

ಅಕ್ಕನಿಗೆ,

ನೋಟಿಸು ಕಿತ್ತರು. ಗೋಂದು ಎಷ್ಟು ಗಟ್ಟಿಯಾಗಿತ್ತೆಂದರೆ ಗೋಡೆಯ ಸುಣ್ಣವೂ ಜೊತೆಗೆ ಬಂತು. ನನ್ನವಳು ಒಲೆಯ ಬಾಗಿಲಿಗೆ ಹಣೆ ಹಚ್ಚಿ ನಿಂತಳು, ಸುಟ್ಟೀತು ಅಂದರೆ "ಸುಡ್ಲಿ ಬಿಡಿ" ಅಂದಳು. ಎಲ್ಲರಿಗೂ ಖುಷಿ, ಮೂರನೆಯ ಮನೆಯ ನಿವೃತ್ತ ಮೇಷ್ಟರೊಬ್ಬರನ್ನು ಬಿಟ್ಟು. ಅವರು ಮಗಳ ಮನೆಗೆ ಹೊರಟವರು ಮಂಚವನ್ನು ಯಾರಿಗೋ ಕೊಟ್ಟುಬಿಟ್ಟಿದ್ದರು. "ಮಂಚ ಹೋದ ಮೇಲೆ ಗುಡ್ಡ ಸಿಡಿಯಲ್ಲ ಅಂತಾರಲ್ಲ, ಮೊದಲೇ ಹೇಳೋಕೆ ಏನಾಗಿತ್ತು ಇವರಿಗೆ!" ಅಂತ ಬೀದಿ ತುಂಬ ಓಡಾಡಿದರು.

ಸಂಜೆ ಎಲ್ಲರೂ ನಮ್ಮ ಬ್ರೆಡ್ಡಿನ ಅಂಗಡಿಯ ಮುಂದೆ ಸೇರಿದರು. ನಿನ್ನ ಮೇಲೆ ಮಾತು ಶುರುವಾಯಿತು. ಓದಿದೋಳಂತೆ, ಎಣಿಸೋಕೆ ಬರಲ್ಲವಂತೆ, ಅರವತ್ತೆರಡು ಮನೆ ಹೊಟ್ಟೆ ಉರಿಸಿದಳಂತೆ. ಸ್ವಲ್ಪ ಹೊತ್ತು ಕೇಳಿದೆ. ಆಮೇಲೆ ಬೆಂಚಿನ ಮೇಲೆ ಹತ್ತಿ ನಿಂತು ಹೇಳಿಬಿಟ್ಟೆ. ತೆಪ್ಪ ಜರುಗಿತ್ತು, ನನಗೆ ಗೊತ್ತಾಗಿತ್ತು, ನಾನು ಬಾಯಿ ಬಿಡಲಿಲ್ಲ ಅಂತ.

ಮೇಷ್ಟರು ಹತ್ತಿರ ಬಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹಾಗಾದ್ರೆ ನಿಮ್ಮಕ್ಕನಿಗೆ ಬೈದದ್ದೆಲ್ಲ ನಿನಗೆ ಸೇರಬೇಕಾದ್ದು" ಅಂದರು. ಅವರೇ ಶುರು ಮಾಡಿದರು. ನಂತರ ಒಬ್ಬೊಬ್ಬರಾಗಿ, ಸರತಿಯಲ್ಲಿ ನಿಂತ ಹಾಗೆ. ಒಬ್ಬರು ಎಮ್ಮೆ ಅಂದರು, ಇನ್ನೊಬ್ಬರು ಮನೆಮುರುಕ ಅಂದರು. ಎದುರು ಮನೆಯ ದರ್ಜಿ ಬೈಯುತ್ತ ಬೈಯುತ್ತ ಅತ್ತುಬಿಟ್ಟ. ನಾನು ಬೆಂಚಿನಿಂದ ಇಳಿಯಲಿಲ್ಲ. ಹೀಗೇ ಒಂದು ಗಂಟೆ ನಡೆಯಿತು. ನನ್ನವಳು ಬಿಸಿ ಬ್ರೆಡ್ಡು ತಂದಿಟ್ಟಳು, ಎಲ್ಲರ ಬಾಯಿಗೂ ಬೇರೆ ಕೆಲಸ ಸಿಕ್ಕಿತು. ದರ್ಜಿಯೇ ಮೊದಲ ತುಂಡು ನನ್ನ ಕೈಗೆ ಕೊಟ್ಟ.

ನನಗೆ ಬೈಗುಳ ಸಿಕ್ಕಿದ್ದು ಒಂದು ಗಂಟೆ, ಅದೂ ಪಕ್ಕದಲ್ಲಿ ಹೆಂಡತಿ ಇದ್ದಳು. ನೀನು ಅದನ್ನೇ ಐದು ತಿಂಗಳು ಅಂಚೆಯಲ್ಲಿ ತರಿಸಿಕೊಂಡು ಒಬ್ಬಳೇ ಓದಿದೆ, ನನ್ನ ಪಾಲಿನದ್ದನ್ನೂ ಸೇರಿಸಿ. ಕ್ಷಮಿಸು ಅಕ್ಕ. ಈ ಮಾತು ನಾನು ಯಾರಿಗೂ ಬರೆದವನಲ್ಲ, ಸರಿಯಾಗಿ ಬಂದಿದೆಯೋ ಇಲ್ಲವೋ ಗೊತ್ತಿಲ್ಲ.

ನಮ್ಮ ಮನೆ ಇದ್ದ ಕಡೆಯೇ ಇದೆ. ಬಾ.

ನಿನ್ನ ತಮ್ಮ